ಮಹಾರುದ್ರಪ್ಪ ಸ್ಪೀಕರ್ ಪಾಲು ಮಾಡಿದ್ದು

ಹುಮನಾಬಾದಿನ ಧಾನ್ಯದ ಪೇಟೆಯ ಹಿಂದಿನ ಓಣಿಯಲ್ಲಿ ಏನನ್ನಾದರೂ ಎರಡು ಪಾಲು ಮಾಡಬೇಕಾದರೆ ಜನ ಮೊದಲು ಮಹಾರುದ್ರಪ್ಪನ ಕದ ತಟ್ಟುತ್ತಾರೆ. ತೊಗರಿ ವ್ಯಾಪಾರ ಅವನ ಹೊಟ್ಟೆಪಾಡು, ವಾಟಣಿ, ಅಂದರೆ ಪಾಲು ಹಂಚುವುದು, ಹುಟ್ಟುಗುಣ. ಅಣ್ಣತಮ್ಮಂದಿರ ಹೊಲವಿರಲಿ, ಬಾವಿಯ ನೀರಿರಲಿ, ಅತ್ತೆಸೊಸೆಯರ ನಡುವಿನ ಒಂದೇ ಒಂದು ತಾಮ್ರದ ಹಂಡೆಯಿರಲಿ, ಇವನು ಹೋಗಿ ನಡುವೆ ಕೂತನೆಂದರೆ ಇಬ್ಬರೂ ಗೊಣಗುತ್ತಲೇ ಏಳುತ್ತಾರೆ. ಇಬ್ಬರೂ ಸಮನಾಗಿ ಗೊಣಗಿದರೆ ಪಾಲು ಸರಿಯಾಯಿತೆಂದು ಅವನ ತಿಳಿವಳಿಕೆ. ಮನೆಯಲ್ಲಿ ಬಾಳೆಹಣ್ಣು ಮುರಿದರೂ ದೊಡ್ಡ ಅರ್ಧ ಯಾವುದೆಂದು ನೋಡಿ, ಅದರಲ್ಲೊಂದು ತುತ್ತು ತಾನೇ ಕಚ್ಚಿ, ಸಮ ಮಾಡಿ ಹೆಂಡತಿಯ ಕೈಗೆ ಕೊಡುವ ಆಸಾಮಿ.

ಹೆಂಡತಿ ತುಳಜಾಬಾಯಿ ಸೋಮವಾರದ ಭಜನೆಯ ಹಾಡುಗಾರ್ತಿ. ಆ ಭಜನೆಯಲ್ಲಿ ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂರುತ್ತಾರೆ. ಒಂದು ಸಾಲು ಹಾಡಿ ಬಿಟ್ಟದ್ದನ್ನು ಇನ್ನೊಂದು ಸಾಲು ಎತ್ತಿಕೊಳ್ಳಬೇಕು. ಎಡಸಾಲಿಗೆ ತುದಿಮನೆಯ ಕಮಳಾಬಾಯಿ ಮುಂದಾಳು, ಬಲಸಾಲಿಗೆ ತುಳಜಾಬಾಯಿ. ಬಸವಕಲ್ಯಾಣದಲ್ಲಿ ಮೈಕು-ಸ್ಪೀಕರಿನ ಅಂಗಡಿ ಇಟ್ಟ ಜುಬೇರ ಒಂದು ಸೋಮವಾರ ಬಂದು, ಸಾಲಿಗೊಂದು ಮೈಕು ಹಿಡಿದು, ಇಡೀ ಭಜನೆಯನ್ನು ಪೆನ್‌ಡ್ರೈವಿಗೆ ತುಂಬಿಸಿ ಕೊಟ್ಟಿದ್ದ. ಅದನ್ನು ಕೇಳಲೆಂದೇ ಮಹಾರುದ್ರಪ್ಪ ಕಲ್ಯಾಣಕ್ಕೆ ಹೋಗಿ ಜುಬೇರನ ಅಂಗಡಿಯಿಂದ ಪೆನ್‌ಡ್ರೈವ್ ಹಾಕಿ ಹಾಡಿಸುವ ಯಂತ್ರ, ಅದಕ್ಕೆ ಒಂದು ಜೋಡಿ ಸ್ಪೀಕರ್ ತಂದ.

ಕಟ್ಟಿಕೊಡುವಾಗ ಜುಬೇರ ಹೇಳಿಯೇ ಇದ್ದ: “ಜೋಡಿ ಬಿಡಿಸಬ್ಯಾಡ್ರಿ ಕಾಕಾ. ಎರಡೂ ಒಂದ ಖೋಲಿಯಾಗ ಇಡ್ರಿ, ನೀವು ಎದುರಿಗೆ ನಡುವ ಕೂಡ್ರಿ.” ಮಹಾರುದ್ರಪ್ಪ ಹೂಂಗುಟ್ಟಿದ. ಹೂಂಗುಟ್ಟುತ್ತಲೇ ದೊಡ್ಡದೊಂದು ಸುರುಳಿ ವೈರು ಕೇಳಿದ. ಹೊಲದ ಮೋಟರಿಗೇನು ಕಾಕಾ ಎಂದು ಜುಬೇರ ನಕ್ಕರೂ ಇವನು ಸುರುಳಿಯನ್ನು ಹೆಗಲಿಗೇರಿಸಿ ಹೊರಟುಬಿಟ್ಟ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ವಾಟಣಿ ನಡೆದಿತ್ತು. ಸ್ಪೀಕರ್ ಎರಡು, ಮನೆಯಲ್ಲಿ ಕೇಳುವ ಕಿವಿಯೂ ಎರಡು ಕಡೆ. ಸಂಜೆ ಹೊರಗಿನ ಕಟ್ಟೆಯ ಮೇಲೆ ತಾನು, ತನ್ನ ಗೆಳೆಯ ವೈಜಿನಾಥ. ಒಳಗೆ ಅಡುಗೆಮನೆಯಲ್ಲಿ ಹೆಂಡತಿ. ಗಂಡಸರು ಹಾಡು ಕೇಳುತ್ತ ಕೂತು ಅವಳೊಬ್ಬಳು ಕುಕ್ಕರಿನ ಸೀಟಿ ಕೇಳುತ್ತಿದ್ದರೆ ಅದೆಂಥ ನ್ಯಾಯ? ಮನೆಗೆ ಬಂದವನೇ ಯಂತ್ರವನ್ನು ಪಡಸಾಲೆಯಲ್ಲಿಟ್ಟ. ಒಂದು ಸ್ಪೀಕರನ್ನು ಓಣಿಗೆ ಮುಖ ಮಾಡಿ ಕಟ್ಟೆಯ ಕಂಬಕ್ಕೆ ಬಿಗಿದ. ಇನ್ನೊಂದನ್ನು ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಗಳ ಸಾಲಿಗೆ ಸೇರಿಸಿದ. ಬರಾಬರಿ ಪಾಲು.

ಭಜನೆ ಹಚ್ಚಿದ. ಕಟ್ಟೆಯ ಮೇಲೆ ತುಳಜಾಬಾಯಿಯ ದನಿ ಹಸಿ ಕಬ್ಬು ಮುರಿದ ಹಾಗೆ ಕೇಳಿತು. ನಿವೃತ್ತ ಬಸ್ ಕಂಡಕ್ಟರ್ ವೈಜಿನಾಥನಿಗೆ ಯಾವುದನ್ನೂ ಸುಲಭಕ್ಕೆ ಹೊಗಳಿ ಅಭ್ಯಾಸವಿಲ್ಲ. ಅಂಥವನೂ ಎಲೆಅಡಿಕೆ ಜಗಿಯುವುದು ನಿಲ್ಲಿಸಿದ. ಹಿಗ್ಗಿದ ಮಹಾರುದ್ರಪ್ಪ ಒಳಗೆ ಹೋಗಿ ನೋಡಿದರೆ ಹೆಂಡತಿ ಹಿಟ್ಟಿನ ಪರಾತದ ಮುಂದೆ ಮುಖ ಇಳಿಬಿಟ್ಟು ಕೂತಿದ್ದಾಳೆ.

“ನನ್ನ ದನಿ ಎಲ್ಲದ? ಕಮಳಾಬಾಯಿ ಒಬ್ಬಾಕೀದೇ ಆವಾಜ್ ಅದ. ನಮ್ಮ ಸಾಲು ಬಾವಿಯೊಳಗ ಕುಂತು ಹಾಡಿದಂಗ ಕೇಳ್ತದ.”

ನಿನ್ನ ದನಿಯೇ ಎಲ್ಲರಿಗಿಂತ ಮೇಲಿದೆ ಎಂದು ಅವನು ಆಣೆ ಮಾಡಿ ಹೇಳಿದ. ವೈಜಿನಾಥನನ್ನು ಸಾಕ್ಷಿಗೆ ಕರೆದ. ಇಬ್ಬರೂ ಸೇರಿ ಸಮಾಧಾನದ ಸುಳ್ಳು ಹೇಳುತ್ತಿದ್ದಾರೆಂದು ತುಳಜಾಬಾಯಿಗೆ ಇನ್ನಷ್ಟು ಸಿಟ್ಟು ಬಂತು. ಬರುವ ಸೋಮವಾರ ಹುಡಗಿ ಗ್ರಾಮದವರು ಇವರ ಭಜನೆಯನ್ನು ಊರಿಗೆ ಕರೆದಿದ್ದರು. ತಾನು ಬರುವುದಿಲ್ಲ, ಇದ್ದರೂ ಕೇಳದ ದನಿ ಇಲ್ಲದಿದ್ದರೆ ಯಾರಿಗೆ ನಷ್ಟ ಎಂದುಬಿಟ್ಟಳು. ಮರುದಿನದಿಂದ ಬೇಳೆ ಆರಿಸುವಾಗಿನ ಗುನುಗು ಕೂಡ ನಿಂತಿತು. ಆ ಗುನುಗು ಕೇಳುತ್ತ ಅಂಗಡಿಗೆ ಹೊರಡುವ ರೂಢಿಯ ಮಹಾರುದ್ರಪ್ಪ ಒಮ್ಮೆ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವಳದು ಮೆಟ್ಟಿಕೊಂಡು ಪೇಟೆಗೆ ಹೋಗಿ ನಗೆಪಾಟಲಾದ.

ಹೇಗಾದರೂ ಅವಳ ದನಿ ಅವಳಿಗೆ ಕೇಳಿಸಬೇಕು, ಸೋಮವಾರದೊಳಗೆ. ಮಹಾರುದ್ರಪ್ಪ ಅಡುಗೆಮನೆಯ ಸ್ಪೀಕರಿನ ಬೆನ್ನು ಹತ್ತಿದ. ಮೂಲೆಯಲ್ಲಿ ದನಿ ಗುಂಯ್ ಎನ್ನುತ್ತದೆಂದು ಗೋಡೆಯಿಂದ ಒಂದು ಗೇಣು ಮುಂದೆ ಎಳೆದ. ಕಮಳಾಬಾಯಿ ಸ್ಪಷ್ಟವಾದಳು. ಕಿವಿಯ ಮಟ್ಟಕ್ಕೆ ಬರಲೆಂದು ಹಿಟ್ಟಿನ ಡಬ್ಬಿಯ ಮೇಲಿಟ್ಟ. ಕಮಳಾಬಾಯಿ ಎದುರಿಗೇ ಬಂದು ಕೂತಳು. ಒಲೆಯ ಕಡೆಗೆ ತುಸು ತಿರುಗಿಸಿದ. ಈಗ ಕಮಳಾಬಾಯಿ ಉಸಿರು ತಗೊಳ್ಳುವುದೂ ಕೇಳತೊಡಗಿತು. ಕೊನೆಗೆ ದನಿ ಏರಿಸಿದ. ಗೂಟಕ್ಕೆ ತೂಗುಬಿಟ್ಟ ಸೌಟುಗಳೆಲ್ಲ ಕಮಳಾಬಾಯಿಗೆ ತಾಳ ಹಾಕಿದವು.

“ಆಕೀನ ಕರಕೊಂಡು ಬರ್ರಿ, ರೊಟ್ಟೀನೂ ಆಕೀನೇ ಬಡೀಲಿ,” ಎಂದಳು ತುಳಜಾಬಾಯಿ.

ಭಾನುವಾರ ಸಂಜೆ ವೈಜಿನಾಥ ಎಂದಿನಂತೆ ಕಟ್ಟೆಗೆ ಬಂದ. ದಿನವೂ ಚಹಾದ ತಾಟನ್ನು ಪಡಸಾಲೆಯ ಬಾಗಿಲಿಂದ ಇಸಿದುಕೊಂಡು ಹೋಗುವವನು ಮಹಾರುದ್ರಪ್ಪನೇ. ಅಂದು ಅವನು ಅಡುಗೆಮನೆಯಲ್ಲಿ ಮಗುವನ್ನು ಎತ್ತಿದ ಹಾಗೆ ಸ್ಪೀಕರನ್ನು ಎತ್ತಿಕೊಂಡು, ಇಡಲು ಹೊಸ ಜಾಗ ಹುಡುಕುತ್ತ ನಿಂತಿದ್ದ. ಭಜನೆ ನಡೆದೇ ಇತ್ತು. ಬೇರೆ ದಾರಿಯಿಲ್ಲದೆ ತುಳಜಾಬಾಯಿ ತಾನೇ ಚಹಾ ಹಿಡಿದು ಹೊರಟಳು.

ಪಡಸಾಲೆಯ ನಡುವೆ ಬಂದಾಗ ಅವಳ ಹೆಜ್ಜೆ ನಿಧಾನವಾಯಿತು. ಬೆನ್ನ ಹಿಂದೆ ಕಮಳಾಬಾಯಿ ಹಾಡಿ ಬಿಟ್ಟಳು. ಮುಂದೆ ಹೊರಬಾಗಿಲ ಕಡೆಯಿಂದ ಯಾರೋ ಅದನ್ನು ಎತ್ತಿಕೊಂಡರು. ತುಳಜಾಬಾಯಿ ಹೊಸ್ತಿಲು ದಾಟಿ ಕಟ್ಟೆಗೆ ಬಂದು ಕಂಬದ ಕಡೆ ನೋಡಿದಳು. ಅಲ್ಲಿ ತಾನೇ ಹಾಡುತ್ತಿದ್ದಾಳೆ, ಓಣಿಗೆಲ್ಲ ಕೇಳುವಂತೆ. ತಾಟು ಹಿಡಿದೇ ಒಳಗೆ ಹೋದಳು, ಮತ್ತೆ ಹೊರಗೆ ಬಂದಳು. ಕೈ ಚಾಚಿದ ವೈಜಿನಾಥನಿಗೆ ಎರಡು ಸಲವೂ ಚಹಾ ಸಿಗಲಿಲ್ಲ.

ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು: “ಭಾರೀ ವಾಟಣಿ ಮಾಡೀರಿ ನೋಡ್ರಿ. ನನ್ನ ತಗೊಂಡು ಹೋಗಿ ಕಟ್ಟಿ ಮ್ಯಾಲ ಕೂಡಿಸೀರಿ, ಕಮಳಾಬಾಯೀನ ತಂದು ನನ್ನ ಒಲಿ ಮುಂದ ಕೂಡಿಸೀರಿ.”

ಜುಬೇರನ ಮಾತು ಆಗ ಮಹಾರುದ್ರಪ್ಪನ ತಲೆಗೆ ಇಳಿಯಿತು. ಒಂದು ಸ್ಪೀಕರಿಗೆ ಒಂದು ಸಾಲು. ಬಾಳೆಹಣ್ಣಿನಂತೆ ಮುರಿದು ಹಂಚುವ ಸಾಮಾನಲ್ಲ ಇದು. ಎತ್ತಿನ ಜೋಡಿ. ಒಂದನ್ನು ಈ ಮನೆಗೆ, ಒಂದನ್ನು ಆ ಮನೆಗೆ ಕೊಟ್ಟರೆ ಬಂಡಿ ಯಾರಿಗೂ ಇಲ್ಲ.

ಮುಂದಿನ ಯಜಮಾನಿಕೆ ತುಳಜಾಬಾಯಿಯದು. ಎರಡನ್ನೂ ಪಡಸಾಲೆಗೆ ತರಿಸಿದಳು. ಗೋಡೆ ಬಿಟ್ಟು ಮುಂದೆ, ಒಂದೇ ಎತ್ತರದ ಎರಡು ಸ್ಟೂಲಿನ ಮೇಲೆ, ನಡುವೆ ಅಗಲ ಜಾಗ ಬಿಟ್ಟು ಇಡಿಸಿದಳು. ಬರೀ ಫರಸಿ ನೆಲ, ಬರೀ ಗೋಡೆ. ದನಿ ಪುಟಿದು ಕಲೆಸಿಹೋಯಿತು. ನೆಲಕ್ಕೆ ಕೌದಿ ಹಾಸಿದಳು, ಬೆನ್ನ ಗೋಡೆಗೆ ಇನ್ನೊಂದು ಕೌದಿ ತೂಗುಬಿಟ್ಟಳು. ಎದುರಿಗೆ ನಡುವೆ ಕುರ್ಚಿ ಹಾಕಿ, ಜಗಳಾಡಿದ ಅಣ್ಣತಮ್ಮಂದಿರು ಪಂಚರ ಕಡೆ ತಿರುಗಿದ ಹಾಗೆ ಎರಡೂ ಸ್ಪೀಕರುಗಳ ಮುಖವನ್ನು ಕುರ್ಚಿಯ ಕಡೆಗೆ ತುಸು ತಿರುಗಿಸಿದಳು. ಕೂತಳು.

ಎಡಕ್ಕೆ ಕಮಳಾಬಾಯಿ, ಬಲಕ್ಕೆ ತಾನು, ಏನೂ ಇಲ್ಲದ ನಟ್ಟನಡುವೆ ತಾಳ. ತುಳಜಾಬಾಯಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು.

“ಇಲ್ಲಿ ನಾ ಎತ್ತಿಕೊಳ್ಳೋದು ತಡಾ ಆಗ್ಯಾದ,” ಎಂದಳು. “ಹುಡಗ್ಯಾಗ ಹಿಂಗ ಆಗಬಾರದು. ಮತ್ತೊಮ್ಮೆ ಹಚ್ಚರಿ.”

ಅವನು ಹಚ್ಚಿದ. ಅವಳು ಈ ಸಲ ಸ್ಪೀಕರಿನ ತುಳಜಾಬಾಯಿಗಿಂತ ಮೊದಲೇ ಎತ್ತಿಕೊಂಡಳು.

ಕಟ್ಟೆಯ ಪಾಲು ಕಳೆದುಕೊಂಡ ವೈಜಿನಾಥ ಬಾಗಿಲಲ್ಲಿ ಬಂದು ನಿಂತು, ನಡುವಿನ ಕುರ್ಚಿ ಒಂದೇ ಇದೆಯಲ್ಲ, ಅದರ ವಾಟಣಿ ಹೇಗೆ ಎಂದು ಕೆಣಕಿದ. ಆ ಕುರ್ಚಿ ವಾಟಣಿಗೆ ಬರುವುದಿಲ್ಲ ಎಂದ ಮಹಾರುದ್ರಪ್ಪ, ಕೌದಿಯ ಮೇಲೆ ಹೆಂಡತಿಯ ಪಕ್ಕ ಕೂತ. ಕೂತವನು ಮೆಲ್ಲಗೆ ಸರಿದ, ಇನ್ನಷ್ಟು ಸರಿದ. ಜೀವಮಾನವೆಲ್ಲ ನಟ್ಟನಡುವೆ ಕೂತು ಪಾಲು ಹಂಚಿದ ಮನುಷ್ಯ ಬಲಗಡೆಯ ಸ್ಪೀಕರಿಗೆ ಭುಜ ತಾಗುವಷ್ಟು ಹತ್ತಿರ ಹೋಗಿ ಕೂತುಬಿಟ್ಟ. ವೈಜಿನಾಥ ನೋಡಿಯೂ ನೋಡದವನಂತೆ ಒಳಗೆ ಹೋಗಿ ಆರಿದ ಚಹಾ ತಾನೇ ಕಾಸಿಕೊಂಡ.