ಎಲೆಯಾಟದಲ್ಲಿ ರಾಯಚೂರು ಕೋಟೆ

ಅದೃಷ್ಟ ನಂಬಿ ಆಡುವ ಆಟವೆಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಹಾವು-ಏಣಿ ಗೆದ್ದವರು ಮೀಸೆ ತಿರುವುವುದನ್ನು ಕಂಡರೆ ಮೈ ಉರಿಯುತ್ತದೆ. ದಾಳ ಉರುಳಿತು, ಏಣಿ ಸಿಕ್ಕಿತು; ಅದರಲ್ಲಿ ಇವರದೇನು ಪರಾಕ್ರಮ?

ಇಂಥವನ ಮನೆಗೆ ದೇವದುರ್ಗದಿಂದ ಹತ್ತಿ ವ್ಯಾಪಾರಿ ಮಾವ, ಅಂದರೆ ಅಕ್ಕನ ಗಂಡ, ಹೊಸ ಎಲೆಯಾಟವೊಂದನ್ನು ತಂದರು. ಇತಿಹಾಸದ ಆಟವಂತೆ. ಕೃಷ್ಣೆ-ತುಂಗಭದ್ರೆಯರ ನಡುವಿನ ನಮ್ಮ ನೆಲಕ್ಕಾಗಿ ವಿಜಯನಗರದವರೂ ವಿಜಾಪುರದವರೂ ಕಾದಾಡುತ್ತಾರೆ. ಪೆಟ್ಟಿಗೆಯ ಮೇಲೆ ‘ನಿಮ್ಮ ಬುದ್ಧಿಯೇ ನಿಮ್ಮ ಸೈನ್ಯ’ ಎಂದು ಅಚ್ಚು ಹಾಕಿದ್ದರು. ಒಳಗೆ ನೋಡಿದರೆ ಬುದ್ಧಿಗೆ ಜಾಗವೇ ಇಲ್ಲ. ಕಟ್ಟಿನಿಂದ ಎಲೆ ಎತ್ತಬೇಕು. ಆನೆ ಬಂದರೆ ಬದುಕಿದಿರಿ, ಮಹಾಮಾರಿ ಬಂದರೆ ಸತ್ತಿರಿ. ಆಟಗಾರನ ಕೈಯಲ್ಲಿರುವುದು ಒಂದೇ ತೀರ್ಮಾನ: ತನ್ನ ಕೋಟೆಯನ್ನು ಎದುರಾಳಿಗೆ ಬಿಟ್ಟುಕೊಟ್ಟು ಮೂರು ಎಲೆ ಎತ್ತಿಕೊಳ್ಳಬಹುದು. ಕೊನೆಗೆ ಹೆಚ್ಚು ಸೈನ್ಯ ಉಳಿದವನು ಗೆದ್ದ.

ಮಾವ ಪಣ ಕಟ್ಟಿದರು. “ಅಳಿಯಾ, ನಾ ಗೆದ್ದರ ಅತ್ತಿನ್ನ ಯುಗಾದಿ ತನಕ ದೇವದುರ್ಗಕ್ಕ ಕರ್ಕೊಂಡು ಹೋಗ್ತೀನಿ. ನಿಮ್ಮಕ್ಕ ಅವ್ವಾ ಅವ್ವಾ ಅಂತ ಬಡ್ಕೊಳ್ಳಾಕತ್ತಾಳ.”

ಅವ್ವ ಇಲ್ಲದ ಮನೆ ನನಗೆ ಬೇಡ; ಮುಂಜಾನೆ ಅವಳ ಬೈಗುಳವಿಲ್ಲದೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಕಾಲೇಜಿನಲ್ಲಿ ಇತಿಹಾಸ ಹೇಳುವವನು ಹತ್ತಿ ವ್ಯಾಪಾರಿಯ ಮುಂದೆ ಹಿಂಜರಿಯುವುದುಂಟೇ? “ಆಗಲಿ ಬರ್ರಿ ಮಾವ,” ಎಂದೆ. ಅವ್ವ ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ನನಗೆ ರಾಯಚೂರು ಕೋಟೆ ಬಂತು. ಆಮೇಲೆ ಬಂದದ್ದೆಲ್ಲ ಬರ, ಮಹಾಮಾರಿ, ಕುಂಟ ಕುದುರೆ.

“ಕ್ವಾಟಿ ಬಿಟ್ಟು ಎಲಿ ತಗೋ ಅಳಿಯಾ.”

“ರಾಯಚೂರಾಗ ಹುಟ್ಟಿ ರಾಯಚೂರು ಬಿಡಾಕ ಆಗ್ತದೇನ್ರಿ?”

ದಿನಾ ಸಿಟಿ ಬಸ್ಸಿನಲ್ಲಿ ಹೋಗುವಾಗ ಆ ಕೋಟೆಯ ಗೋಡೆಯತ್ತ ತಿರುಗಿಯೂ ನೋಡದವನಿಗೆ ಆವತ್ತು ಎಲ್ಲಿಲ್ಲದ ಅಭಿಮಾನ. ಮಾವನೋ, ತಮ್ಮ ಕೈಲಿದ್ದ ಮುದಗಲ್ ಕೋಟೆಯನ್ನು ಹರಿದ ಚಪ್ಪಲಿಯಂತೆ ಬಿಟ್ಟು ಮೂರು ಎಲೆ ಎತ್ತಿದರು. ಎರಡು ಆನೆ, ಒಂದು ಫಿರಂಗಿ. ನನ್ನ ಕಥೆ ಮುಗಿಯಿತು.

“ಬರೇ ನಸೀಬು,” ಎಂದೆ.

“ಕುಣಿಯಾಕ ಬರಲಾರದಾಕಿ ಅಂಗಳ ಡೊಂಕ ಅಂದಳಂತ,” ಎಂದರು ಮಾವ.

ಗೆದ್ದ ಅರಸನ ಆಸ್ಥಾನದವರು ಬರೆದದ್ದನ್ನು ಓದಿದರೆ ಎಲ್ಲವೂ ವ್ಯೂಹ, ಎಲ್ಲವೂ ಪರಾಕ್ರಮ. ಸೋತವನ ಕಡೆಯವರು ಬರೆದದ್ದರಲ್ಲಿ ಎಲ್ಲವೂ ವಿಧಿ. ಇದನ್ನು ವರ್ಷವರ್ಷವೂ ಹುಡುಗರಿಗೆ ಹೇಳಿ ನಗುವವನು ನಾನು. ಈಗ ಸೋತವನ ಆಸ್ಥಾನಕ್ಕೆ ನಾನೇ ಪಂಡಿತನಾಗಿದ್ದೆ. ಹಾಗೆಂದು ಮಾವನನ್ನು ಮೆಚ್ಚಬೇಕಾಗಿಲ್ಲ. ಎರಡೂ ಆನೆಗಳನ್ನು ತಾವೇ ಸಾಕಿ ಬೆಳೆಸಿದವರಂತೆ ಎದೆ ಉಬ್ಬಿಸಿ ಕೂತಿದ್ದರು.

“ಅರಿವಿ ಗಂಟು ಕಟ್ಕೋರಿ ಅತ್ತಿ, ನಾಳೆ ಮುಂಜಾನೆ ಹೋಗೂಣು,” ಎಂದರು.

ಅವ್ವ ಸಿಪ್ಪೆ ಕೊಡವಿ ಎದ್ದಳು. “ಕಟ್ಕೋತೀನಿ. ಆದರ ಮಾನ್ವಿಗೆ, ನನ್ನ ತಂಗಿ ಮನಿಗೆ. ಆವಾಗಿಂದ ಇಬ್ಬರೂ ಕೂಡಿ ನನ್ನನ್ನ ಪಣಕ್ಕಿಟ್ಟು ಎಲಿ ಆಡಾಕತ್ತೀರಿ. ಒಬ್ಬರಾದ್ರೂ ನನ್ನ ಕೇಳಿದ್ರೇನು?”

ಮರುದಿನ ಹೆಂಗಸರ ಪುಕ್ಕಟೆ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ, ಕಿಟಕಿ ಪಕ್ಕ ಕೂತು ಹೊರಟೇಬಿಟ್ಟಳು. ಕೋಟೆಗೆ ಕಾಲಿಲ್ಲ ಎಂಬ ಧೈರ್ಯದಿಂದಲೇ ಅರಸರು ಅದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರೇನೋ. ಗೆದ್ದ ಮಾವ, ಸೋತ ನಾನು, ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮುಖ ಹೊತ್ತು ನಿಂತಿದ್ದೆವು.

“ಬರೂ ವಾರ ಮಾನ್ವಿಗೆ ಹೋಗಿ ಕರ್ಕೊಂಡು ಬರೂಣೇನು ಅಳಿಯಾ?” ಎಂದರು ಮಾವ.

“ಮೊದಲ ಫೋನ್ ಮಾಡಿ ಕೇಳೂಣ್ರಿ,” ಎಂದೆ.