ಜಾಲಿಗಿಂತ ಮೊದಲಿನ ನೀರು

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಮಾಟುಂಗದ ಕನ್ನಡ ಸಂಘದವರು ಊರಿನ ನೆನಪಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದಾಗಲೂ ಮೊದಲ ಪುಟವನ್ನು ಶಾಸ್ತ್ರಕ್ಕೇ ಮೀಸಲಿಟ್ಟೆ. ವಿಜಯಪುರದ ಕಡೆಯ ನಮ್ಮ ಒಣ ಸೀಮೆಯಲ್ಲಿ ಒಮ್ಮೆ ಸಾಲಾಗಿ ಮೂರ್ನಾಲ್ಕು ವರ್ಷ ಮಳೆ ಹಿಡಿಯಿತು. ಊರಾಚೆಯ ತಗ್ಗು ಕೆರೆಯಾಯಿತು, ಬಾತುಕೋಳಿಗಳು ಬಂದವು. ರಸ್ತೆ ಬದಿಯ ಬಳ್ಳಾರಿ ಜಾಲಿಯ ಕಾಯಿ ತಿಂದ ಆಡುಗಳು ನೀರಿಗೆ ಬಂದು ದಂಡೆಯಲ್ಲೆಲ್ಲ ಹಿಕ್ಕೆ ಹಾಕಿದವು. ನೀರು ಇಂಗಿದ ಮೇಲೆ ಆ ಹಸಿ ನೆಲದಲ್ಲಿ ಜಾಲಿ ಎದ್ದು ಹುಲ್ಲುಗಾವಲನ್ನೇ ನುಂಗಿತು. ಮಳೆ ಹೋಯಿತು, ಅದು ಹೋಗಲಿಲ್ಲ.

ಎರಡನೆಯ ಪುಟದಲ್ಲಿ ಅಪ್ಪ. ನನಗೆ ಐದು ತುಂಬುವ ಮೊದಲೇ ತೀರಿಕೊಂಡವನು. ಅವನದು ನನ್ನಲ್ಲಿರುವುದು ಒಂದೇ ನೆನಪು: ಬಾತುಕೋಳಿಗಳು ತೇಲುವ ಆ ನೀರಿನ ದಂಡೆಯಲ್ಲಿ ಕೂತು ನನ್ನ ಅಂಗಾಲಿನಿಂದ ಜಾಲಿಮುಳ್ಳು ಕೀಳುತ್ತಿದ್ದಾನೆ. ಮದುವೆಮನೆ, ಲೋಕಲ್ ಟ್ರೇನು, ಎಲ್ಲೆಡೆ ಇದನ್ನು ಹೇಳಿದ್ದೇನೆ. ದೇವರನ್ನೂ ಹವಾಮಾನ ವರದಿಯನ್ನೂ ನಂಬದ ನಾನು ಇದೊಂದನ್ನು ಅನುಮಾನಿಸಿರಲಿಲ್ಲ.

ವೇದಿಕೆ ಹತ್ತುವ ದಿನ ಮಾತ್ರ ಅಳುಕು ಶುರುವಾಯಿತು. ಬೆಳಿಗ್ಗೆಯೇ ವಿಲೆ ಪಾರ್ಲೆಯಲ್ಲಿರುವ ಅಕ್ಕನ ಮನೆಗೆ ಹೋಗಿ, ಇದೆಲ್ಲ ನಿಜವೇ ನೋಡಿ ಹೇಳು ಎಂದು ಪುಟಗಳನ್ನು ಕೊಟ್ಟೆ. ನನಗಿಂತ ಎಂಟು ವರ್ಷ ದೊಡ್ಡವಳು, ಏಳನೇ ತರಗತಿಯವರೆಗೆ ಓದಿದವಳು. ಎರಡೂ ಪುಟ ಓದಿ ಮತ್ತೆ ಮೊದಲನೆಯದಕ್ಕೆ ಹೋದಳು.

“ತಮ್ಮಾ, ನೀರಿದ್ದಾಗ ದಂಡಿಗೆ ಜಾಲಿ ಎಲ್ಲಿತ್ತೋ? ನೀನ ಬರದೀಯಲ್ಲ, ನೀರು ಇಂಗಿದ ಮ್ಯಾಲೆ ಎದ್ದಿತು ಅಂತ. ಅಪ್ಪ ನೀರಿದ್ದ ವರ್ಷನ ಹೋದ.”

ರಸ್ತೆ ಬದಿಯ ಮುಳ್ಳು ಕಾಲಿಗೆ ಅಂಟಿ ಬಂದಿರಬಹುದು ಎಂದು ಐದು ನಿಮಿಷ ಉಪನ್ಯಾಸ ಕೊಟ್ಟೆ. ಅಕ್ಕ ಮೆಂತ್ಯ ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿದಳು.

“ಆ ಮುಳ್ಳು ನಾ ತಗದದ್ದೋ, ಬಳೀಗೆ ಸಿಗಿಸಿದ್ದ ಪಿನ್ನಲೆ. ಏನು ಚೀರಿದ್ದಿ ಮಾರಾಯಾ, ಊರ ಕೂಡಿತ್ತು.”

“ಇಷ್ಟ ವರ್ಷ ಯಾಕ ಹೇಳಲಿಲ್ಲಕ್ಕಾ?”

“ನನಗ ಅಪ್ಪನ ನೆನಪು ಭಾಳ ಅದಾವ. ನಿನಗ ಅದೊಂದ ಇತ್ತು, ಇರಲಿ ಅಂತ ಸುಮ್ಮಿದ್ದೆ. ಇವತ್ತ ಖರೆ ಹೇಳು ಅಂತ ನೀನ ಬಂದು ಕುಂತಿ.”

ಮಾಟುಂಗಕ್ಕೆ ಹೋಗುವ ಲೋಕಲ್‌ನಲ್ಲಿ ಪೆನ್ನು ತೆಗೆದೆ. ಮೊದಲ ಪುಟದ ಜಾಲಿಯನ್ನು ಎರಡು ವರ್ಷ ಮುಂಚೆ ಬೆಳೆಸಿದರೆ ಅಪ್ಪ ಉಳಿಯುತ್ತಿದ್ದ. ಸಂಘದಲ್ಲಿ ಕೇಳುವವರು ಯಾರು? ಸಾಂತಾಕ್ರೂಜ್‌ನಲ್ಲಿ ಬೆಳೆಸಿದೆ, ಬಾಂದ್ರಾದಲ್ಲಿ ಕಿತ್ತೆ. ಇಳಿಯುವಷ್ಟರಲ್ಲಿ ಮುಳ್ಳನ್ನು ಅಕ್ಕನ ಕೈಗೆ ಕೊಟ್ಟಾಗಿತ್ತು. ಬಾತುಕೋಳಿಗಳನ್ನು ಮಾತ್ರ ಅಪ್ಪನ ಬಳಿಯೇ ಬಿಟ್ಟೆ. ನೀರಿದ್ದಾಗ ಅವನಿದ್ದ, ಅಷ್ಟಕ್ಕೆ ಅಕ್ಕನ ಸಾಕ್ಷಿಯಿದೆ.