ಶಟ್ಟೆಪ್ಪನ ಬರಿಗಾಲು

ನಮ್ಮ ಯಜಮಾನರು ಮೊದಲ ಟ್ರ್ಯಾಕ್ಟರ್ ತಂದ ದಿನವೇ ಶಟ್ಟೆಪ್ಪನ ಸುದ್ದಿ ನನ್ನ ಕಿವಿಗೆ ಬಿತ್ತು. “ಮುನವಳ್ಳಿಯಿಂದ ಡ್ರೈವರ್ ಬರ್ತಾನ, ಚಪ್ಪಲಿ ಹಾಕ್ಕೊಂಡು ಗಾಡಿ ಹತ್ತೂದಿಲ್ಲಂತ” ಎಂದು ಅವರು ನಕ್ಕರು. ನಿಜವೇ, ಗುಡಿಗೆ ಬಂದವನಂತೆ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಅಂಗಾಲು ಒರೆಸಿಕೊಂಡೇ ಹತ್ತುತ್ತಿದ್ದ. “ನನ್ನ ಅಂಗಾಲಿಗೆ ಕಣ್ಣ ಅದಾವ್ರಿ ಅವ್ವಾರ, ಚಪ್ಪಲಿ ಹಾಕಿದ್ರ ಕುರುಡ ಆಕ್ಕಾವು” ಎನ್ನುತ್ತಿದ್ದ. ಊಟಕ್ಕೆ ಕುಳಿತರೂ ಅವನ ಎಡಗಾಲು ಕ್ಲಚ್ ಒತ್ತುತ್ತಿತ್ತು. ಯರಗಟ್ಟಿ ಬಸ್ಸಿನಲ್ಲಿ ಡ್ರೈವರನಿಗಿಂತ ಮೊದಲು ಇವನೇ ಬ್ರೇಕ್ ಹಾಕುತ್ತಿದ್ದ. ಯಜಮಾನರು ತೀರಿಕೊಂಡ ಮೇಲೆ ನಾನು ಕಬ್ಬಿನ ಸಾಲಿನಲ್ಲಿ ಓಡುವ ಸಣ್ಣ ಟ್ರ್ಯಾಕ್ಟರ್ ತಂದೆ. ಅದರ ಪೆಡಲುಗಳು ಒಂದಕ್ಕೊಂದು ಬಲು ಹತ್ತಿರ. ಶಟ್ಟೆಪ್ಪ ನಮ್ಮ ಕಟ್ಟೆಯ ಮೇಲೆ ಕುಳಿತು, ಕಾಲಡಿ ಇಟ್ಟಿಗೆ ಜೋಡಿಸಿಕೊಂಡು, ಎರಡು ವಾರ ಒತ್ತಿ ಒತ್ತಿ ರೂಢಿ ಮಾಡಿಕೊಂಡ. “ಕೂಸಿಗೆ ಕಾಲ ಮ್ಯಾಲ ಹಾಕ್ಕೊಂಡು ನೀರ ಎರದಂಗ, ಮೆತ್ತಗ ಒತ್ತಬೇಕ್ರಿ ಇದಕ್ಕ” ಎಂದು ನಗಿಸಿದ. ಆದರೆ ಹೊಲದಲ್ಲಿ ಮುಂದೆ ನೋಡುವುದು ಬಿಟ್ಟು ತನ್ನ ಕಾಲನ್ನೇ ನೋಡುತ್ತಿದ್ದ. ಹೊಸ ಗಾಡಿಯಲ್ಲವೇ, ಪಳಗುತ್ತಾನೆ ಎಂದುಕೊಂಡೆ. ಸಕ್ಕರೆ ಕಾಯಿಲೆಯಿಂದ ಅವನ ಅಂಗಾಲುಗಳು ಮರಗಟ್ಟಿ ವರ್ಷವಾಗಿದ್ದು ನನಗೆ ಗೊತ್ತಿರಲಿಲ್ಲ. ಒಂದು ದಿನ ಇಳಿಜಾರಿನ ಮೇಲೆ ಗಾಡಿ ನಿಂತಿತ್ತು, ಇಂಜಿನ್ ನಡೆದೇ ಇತ್ತು. ಅವನು ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದ. ಆ ದಿನದ ನಂತರ ಅವನು ಮತ್ತೆಂದೂ ಗಾಡಿ ಹತ್ತಲಿಲ್ಲ. ಆ ದಿನ ಸೀಟಿನಿಂದಲೇ ಬಗ್ಗಿ, ಮೆಲ್ಲಗೆ ಕೇಳಿದ: “ಅವ್ವಾರ, ನನ್ನ ಕಾಲು ಬ್ರೇಕಿನ ಮ್ಯಾಲ ಐತೇನು, ಚೂರು ನೋಡಿ ಹೇಳ್ರಿ.”